ಪಕ್ಕದ ಮನೆಯವನ ಕಾರಿನ ಗಾಳಿ

ಗ್ಲೌಸಣ್ಣನ ಕಣ್ಣಿಗೆ ಈ ಲೋಕದಲ್ಲಿ ಸರಿಯಾಗಿ ಕಾರು ಓಡಿಸುವವನು ಒಬ್ಬನೇ ಇದ್ದ. ಆ ಒಬ್ಬ ದಿನಾ ಬೆಳಿಗ್ಗೆ ಬಚ್ಚಲುಮನೆಯ ಕನ್ನಡಿಯಲ್ಲಿ, ಮೀಸೆ ಕತ್ತರಿಸಿಕೊಳ್ಳುವ ಹೊತ್ತಿಗೆ, ಅವನಿಗೆ ಕಾಣಸಿಗುತ್ತಿದ್ದ. ಉಳಿದವರೆಲ್ಲ ಅವನ ಪಾಲಿಗೆ ಸ್ಟೇರಿಂಗ್ ಹಿಂದೆ ಇಟ್ಟ ಮೂಟೆಗಳು. ಬಸ್ಸಿನವನು ಮೂಟೆ, ಲಾರಿಯವನು ದೊಡ್ಡ ಮೂಟೆ, ಟ್ಯಾಕ್ಸಿಯವನು ಬಾಯಿ ಬಿಚ್ಚಿದ ಮೂಟೆ. ಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಓಣಿಯ ತಿರುವಿನಲ್ಲಿ ಯಾವನಾದರೂ ಗೇರ್ ಬದಲಿಸಲು ತಡವರಿಸಿದರೆ ಸಾಕು, ಒಳಗಿದ್ದ ಹೆಂಡತಿಗೆ ಕೇಳುವಂತೆ “ಹಲ್ಲು ಕಿತ್ತ ಹಾಗೆ ಗೇರ್ ಹಾಕ್ತಾನೆ ನೋಡು” ಎನ್ನುತ್ತಿದ್ದ. ಹೆಂಡತಿ ಇಂಥ ಮಾತಿಗೆ ಹೂಂ ಅನ್ನುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಗ್ಲೌಸಣ್ಣ ಅನ್ನುವುದು ಓಣಿಯವರು ಇಟ್ಟ ಹೆಸರು. ಅವನು ಕೆಲಸದಲ್ಲಿದ್ದಷ್ಟು ದಿನ ಬಿಳಿ ಗ್ಲೌಸು ಹಾಕಿಕೊಂಡು ಬಣ್ಣದ ಕಾರ್ಖಾನೆಯ ದೊಡ್ಡ ಸಾಹೇಬರ ಕಾರು ಓಡಿಸಿದ್ದ. ಉದ್ದನೆಯ ಕಪ್ಪು ಕಾರು. ಅದರೊಳಗೆ ಕೂತರೆ ಹೊರಗಿನ ಲೋಕದ ಸದ್ದು ಬೇರೆ ಯಾರದೋ ಮನೆಯ ಜಗಳದ ಹಾಗೆ ದೂರದಿಂದ ಕೇಳಿಸುತ್ತಿತ್ತು. ಸಾಹೇಬರದು ಮಾತು ಕಡಿಮೆ. ಎದುರಿಗೆ ಯಾರಾದರೂ ಅಡ್ಡ ಬಂದರೆ ಮೂಗಿನಲ್ಲೇ ಒಂದು ಸಣ್ಣ ಶಬ್ದ ಮಾಡುತ್ತಿದ್ದರು. ವರ್ಷಗಟ್ಟಲೆ ಹಿಂದಿನ ಸೀಟಿನಿಂದ ಆ ಶಬ್ದ ಕೇಳಿ ಕೇಳಿ, ಮುಂದಿನ ಸೀಟಿನವನ ಮೂಗಿಗೂ ಅದು ರೂಢಿಯಾಯಿತು. ಸಾಹೇಬರಿಗೆ ಆ ಶಬ್ದ ಮಾಡಲು ಒಂದು ಕಾರ್ಖಾನೆಯ ಆಸರೆಯಿತ್ತು. ಗ್ಲೌಸಣ್ಣನಿಗೆ ಇದ್ದದ್ದು ಗ್ಲೌಸು ಮಾತ್ರ. ಆದರೂ ಶಬ್ದದಲ್ಲಿ ವ್ಯತ್ಯಾಸ ಇರಲಿಲ್ಲ.

ಸಂಜೆ ಕಾರನ್ನು ಕಾರ್ಖಾನೆಯ ಹಿಂದಿನ ಗ್ಯಾರೇಜಿನಲ್ಲಿ ನಿಲ್ಲಿಸಿ, ಬೀಗದ ಕೈಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಿನವರಿಗೆ ಕೊಟ್ಟು ಬರುತ್ತಿದ್ದ. ಅವರನ್ನು ಅವನು ಕರೆಯುತ್ತಿದ್ದದ್ದು ‘ಎಣ್ಣೆಕೈಗಳು’ ಎಂದು. ರಾತ್ರಿ ಅವರು ಅದರ ಹೊಟ್ಟೆಯೊಳಗೆ ಏನು ಮಾಡುತ್ತಾರೆ ಎಂದು ಅವನು ಒಂದು ದಿನವೂ ಕೇಳಿದವನಲ್ಲ. ಬೆಳಿಗ್ಗೆ ಕಾರು ಹೊಳೆಯುತ್ತಾ ನಿಂತಿರುತ್ತಿತ್ತು, ಅವನು ಹತ್ತಿ ಕೂರುತ್ತಿದ್ದ. ಅಷ್ಟು ವರ್ಷ ಕಾರು ಓಡಿಸಿಯೂ ಇಂಜಿನ್ನಿನ ಮುಖ ಅವನಿಗೆ ಸರಿಯಾಗಿ ಪರಿಚಯವಿರಲಿಲ್ಲ. ಇದು ಓಣಿಯವರಿಗೆ ಗೊತ್ತಿರಲಿಲ್ಲ, ಮಗಳಿಗೆ ಗೊತ್ತಿರಲಿಲ್ಲ, ಅಳಿಯನಿಗಂತೂ ಕನಸಿನಲ್ಲೂ ಗೊತ್ತಿರಲಿಲ್ಲ. ಹೆಂಡತಿಗೆ ಅನುಮಾನವಿತ್ತು. ಮನೆಯ ಮಿಕ್ಸಿ ಕೆಟ್ಟಾಗಲೆಲ್ಲ ಗಂಡನಿಗೆ ಹೊರಗೆ ಏನಾದರೂ ಕೆಲಸ ಬರುತ್ತಿದ್ದದ್ದನ್ನು ಅವಳು ಗಮನಿಸಿದ್ದಳು.

ಸಾಹೇಬರು ತೀರಿಕೊಂಡರು, ಮಕ್ಕಳು ಕಾರು ಮಾರಿದರು, ಗ್ಲೌಸಣ್ಣ ಮನೆ ಸೇರಿದ. ಮೇಲಿನ ಮಹಡಿಯಲ್ಲಿ ಮಗಳೂ ಅಳಿಯನೂ ಇದ್ದರು. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಅಳಿಯ ಶಾಲೆಯ ಮಕ್ಕಳಿಗೆ ಯೂನಿಫಾರ್ಮ್ ಹೊಲಿಯುವ ದರ್ಜಿ. ಮೆತ್ತಗಿನ ಮನುಷ್ಯ, ಮಾತನಾಡುವಾಗಲೂ ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡವನ ಹಾಗೆ ತುಟಿ ಹೆಚ್ಚು ಅಗಲಿಸುತ್ತಿರಲಿಲ್ಲ. ಅವನು ಒಂದು ದಿನ, ಯಾರನ್ನೂ ಕೇಳದೆ, ಯಾರೋ ಓಡಿಸಿ ಬಿಟ್ಟ ಒಂದು ಪುಟ್ಟ ಹಸಿರು ಕಾರನ್ನು ತಂದು ಮನೆ ಮುಂದೆ ನಿಲ್ಲಿಸಿದ.

ಗ್ಲೌಸಣ್ಣ ಅದರ ಸುತ್ತ ಒಂದು ಸುತ್ತು ಬಂದ. ಮೂಗಿನಲ್ಲಿ ಆ ಶಬ್ದ ಬಂತು.

“ಚೆನ್ನಾಗಿದೆಯಾ ಮಾವ?”

“ಡಬ್ಬಿ,” ಅಂದ ಗ್ಲೌಸಣ್ಣ. “ಮುಚ್ಚಳ ಇದೆ ತಾನೆ?”

ಆದರೂ ಭಾನುವಾರ ಊರಾಚೆಯ ಗುಡ್ಡದ ಮೇಲೆ ಕೆರೆ ನೋಡಲು ಎಲ್ಲರೂ ಹೊರಟಾಗ ಮೊದಲು ಹತ್ತಿ ಕೂತವನು ಅವನೇ. ಹಿಂದಿನ ಸೀಟಿನಲ್ಲಿ, ಸಾಹೇಬರು ಕೂರುತ್ತಿದ್ದ ಬದಿಗೆ. ಅಲ್ಲಿಂದಲೇ ಅಳಿಯನಿಗೆ ಪಾಠ ಶುರುವಾಯಿತು. ಸ್ಟೇರಿಂಗನ್ನು ಹಸುಗೂಸು ಹಿಡಿದ ಹಾಗೆ ಹಿಡಿಯಬೇಡ. ಬ್ರೇಕು ತುಳಿಯುವುದು ಹೊಲಿಗೆ ಮಿಷನ್ ತುಳಿದ ಹಾಗಲ್ಲ. ಆ ಮುದುಕಿಗೆ ಯಾಕೆ ದಾರಿ ಬಿಟ್ಟೆ, ಅವಳೇನು ನಿನಗೆ ಅತ್ತೆಯಾ. ಪಕ್ಕದಲ್ಲೇ ಕೂತಿದ್ದ ಅಳಿಯನ ನಿಜವಾದ ಅತ್ತೆ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು.

ಗುಡ್ಡ ಹತ್ತುವಾಗ ಡ್ಯಾಶ್‌ಬೋರ್ಡಿನ ಹಿಂದಿನಿಂದ ಗುಳುಗುಳು ಎಂದು ಸದ್ದು ಬಂತು. ಯಾರೋ ಒಳಗೆ ಕೂತು ಬಾಯಿ ಮುಕ್ಕಳಿಸಿದ ಹಾಗೆ.

“ಏನದು ಮಾವ?”

“ಪೆಟ್ರೋಲ್ ಅಲ್ಲಾಡ್ತಿದೆ. ಚಿಕ್ಕ ಕಾರಲ್ಲಿ ಹಾಗೇ.”

“ಪೆಟ್ರೋಲ್ ಟ್ಯಾಂಕು ಹಿಂದೆ ಇದೆಯಲ್ಲ?”

“ಹಿಂದಿಂದು ಮುಂದೆ ಕೇಳತ್ತೆ. ಅದಕ್ಕೇ ಚಿಕ್ಕ ಕಾರು ಅನ್ನೋದು.”

ಅಳಿಯ ಒಪ್ಪಿಕೊಂಡ. ದೊಡ್ಡ ಕಾರು ಓಡಿಸಿದವರ ಮಾತು. ಇನ್ನೆರಡು ತಿರುವು ದಾಟುವುದರೊಳಗೆ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯ ಮೇಲೆ ಹೋಗಿ ಮಲಗಿತ್ತು, ಬಾನೆಟ್ಟಿನ ಸಂದಿಯಿಂದ ಆವಿ ಏಳುತ್ತಿತ್ತು. ಅಳಿಯ ರಸ್ತೆ ಬದಿಗೆ ನಿಲ್ಲಿಸಿದ.

ಗ್ಲೌಸಣ್ಣ ಇಳಿದು, ಕಾರಿನ ಮುಂದೆ ನಿಂತು, ಕೈ ಕಟ್ಟಿಕೊಂಡು, “ಬಾನೆಟ್ ತೆಗಿ” ಅಂದ. ಆ ಧ್ವನಿಯಲ್ಲಿದ್ದ ಅಧಿಕಾರ ಕೇಳಿ, ಬಾನೆಟ್ ತೆಗೆಯುವ ಹಿಡಿ ಎಲ್ಲಿದೆ ಎಂದು ಅವನಿಗೇ ಗೊತ್ತಿಲ್ಲ ಅಂತ ಯಾರೂ ಅಂದುಕೊಳ್ಳುತ್ತಿರಲಿಲ್ಲ. ಅಳಿಯ ತೆಗೆದ. ಒಳಗೆ ಪೈಪುಗಳು ಕರುಳಿನ ಹಾಗೆ ಸುತ್ತಿಕೊಂಡು ಬಿದ್ದಿದ್ದವು. ಗ್ಲೌಸಣ್ಣನಿಗೆ ಗುರುತು ಸಿಕ್ಕಿದ್ದು ಒಂದೇ, ರೇಡಿಯೇಟರಿನ ಮುಚ್ಚಳ. ಮುಚ್ಚಳ ಇರುವುದು ತೆಗೆಯುವುದಕ್ಕೆ. ಮಗಳು “ಸ್ವಲ್ಪ ಆರಲಿ ಅಪ್ಪ” ಅನ್ನುವುದರೊಳಗೆ ಕರ್ಚೀಫು ಹಾಕಿ ತಿರುಗಿಸಿಯೇಬಿಟ್ಟ.

ಬುಸ್ಸೆಂದು ಕುದಿನೀರು ಎದ್ದು ಅಂಗೈಗೂ ಮಣಿಕಟ್ಟಿಗೂ ಹೊಡೆಯಿತು. ಬೇರೆಯವನಾಗಿದ್ದರೆ ಗುಡ್ಡ ಕೇಳುವ ಹಾಗೆ ಅರಚುತ್ತಿದ್ದ. ಗ್ಲೌಸಣ್ಣ ಹಲ್ಲು ಕಚ್ಚಿ, ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿ, “ಸ್ವಲ್ಪ ಆವಿ ಬಿಡಬೇಕಾಗಿತ್ತು, ಬಿಟ್ಟೆ” ಅಂದ. ಹೆಂಡತಿ ಜೇಬಿನ ಕಡೆ ನೋಡಿದಳು, ಮುಖದ ಕಡೆ ನೋಡಿದಳು. ಕುಡಿಯಲು ತಂದ ನೀರನ್ನೆಲ್ಲ ಆ ಡಬ್ಬಿಗೆ ಕುಡಿಸಿ, ನಿಲ್ಲಿಸಿ ನಿಲ್ಲಿಸಿ ಮನೆ ಸೇರಿದರು. ಕೆರೆಯನ್ನು ಯಾರೂ ನೋಡಲಿಲ್ಲ.

“ನಾಳೆ ಮೂಲೆ ಗ್ಯಾರೇಜಿಗೆ ಬಿಡ್ತೀನಿ ಮಾವ,” ಅಂದ ಅಳಿಯ.

ಆ ಮೂಲೆ ಗ್ಯಾರೇಜಿನವನ ಬಗ್ಗೆ ಗ್ಲೌಸಣ್ಣ ಎಷ್ಟು ವರ್ಷದಿಂದ ಏನೇನು ಅಂದಿದ್ದನೋ ಅದಷ್ಟೂ ಆ ಗ್ಯಾರೇಜಿನವನ ಕಿವಿಗೆ ಬಿದ್ದಿತ್ತು. ಅಲ್ಲಿಗೆ ಕಾರು ಹೋಗುವುದೆಂದರೆ ತನ್ನ ಮೂಗನ್ನೇ ಕೊಯ್ದು ತಟ್ಟೆಯಲ್ಲಿಟ್ಟು ಕಳಿಸಿದ ಹಾಗೆ.

“ಆ ಎಣ್ಣೆಕೈಗಳಿಗಾ? ನಾನು ಮನೇಲಿ ಇರುವಾಗ? ಬಿಡು. ನಾನು ನೋಡ್ಕೋತೀನಿ.”

ಅಂದಿದ್ದೇನೋ ಅಂದುಬಿಟ್ಟ. ಮರುದಿನ ಎಲ್ಲರೂ ಕೆಲಸಕ್ಕೆ ಹೋದ ಮೇಲೆ, ಕೈಗೆ ಸುತ್ತಿದ ಬಟ್ಟೆಯ ಮೇಲೆ ಅಂಗಿಯ ತೋಳು ಎಳೆದುಕೊಂಡು, ನಲ್ಲಿ ನೀರು ಹುಯ್ದು ಓಣಿಯಲ್ಲಿ ಒಂದು ಸುತ್ತು ಹೊಡೆದ. ಗುಳುಗುಳು. ಮುಳ್ಳು ಮತ್ತೆ ಮೇಲೆ. ನಿಲ್ಲಿಸಿ, ಆರಿಸಿ, ಮತ್ತೆ ಹುಯ್ದ. ಮತ್ತೆ ಅದೇ. ಪಕ್ಕದ ಮನೆಯ ರಿಟೈರ್ಡ್ ಪೋಸ್ಟ್‌ಮಾಸ್ಟರು ಸೈಕಲ್ ಒರೆಸುತ್ತಾ, “ಏನಾಗಿದೆಯಂತೆ?” ಎಂದು ಕೇಳಿದರು.

“ಏನಿಲ್ಲ. ಇದಕ್ಕೆ ಶಿಸ್ತು ಕಲಿಸ್ತಿದೀನಿ.”

ಸಂಜೆಯವರೆಗೂ ಶಿಸ್ತು ಕಲಿಯಲಿಲ್ಲ. ಆಗ ಗ್ಲೌಸಣ್ಣನಿಗೆ ಒಂದು ಉಪಾಯ ಹೊಳೆಯಿತು. ತನ್ನ ಹೆಸರಾಗಲಿ ಗ್ಲೌಸಾಗಲಿ ಯಾರಿಗೂ ಗೊತ್ತಿಲ್ಲದ ಜಾಗಕ್ಕೆ ಹೋಗಿ ಕೇಳಬೇಕು. ತನಗಾಗಿ ಅಲ್ಲ, ಬೇರೆ ಯಾರಿಗೋ.

ಬಸ್ಸು ಹತ್ತಿದ. ಊರಿನ ಆ ತುದಿಯಲ್ಲಿ, ಗುಜರಿ ಅಂಗಡಿಗಳ ಸಾಲಿನ ಕೊನೆಗೆ, ತಗಡಿನ ಚಾವಣಿಯ ಒಂದು ಗ್ಯಾರೇಜಿತ್ತು. ನೆಲ ಎಣ್ಣೆ ಕುಡಿದು ಕುಡಿದು ತೊಗಲಿನ ಹಾಗೆ ಹೊಳೆಯುತ್ತಿತ್ತು. ಯಾವುದೋ ಸತ್ತ ಕಾರಿನಿಂದ ಕಿತ್ತು ತಂದ ಸೀಟಿನ ಮೇಲೆ, ಒಂದು ಮೊಣಕಾಲು ಚಾಚಿಕೊಂಡು, ಅದರ ಮೇಸ್ತ್ರಿ ಕೂತಿದ್ದ. ಗ್ಲೌಸಣ್ಣನ ವಯಸ್ಸೇ ಇದ್ದೀತು. ಮುಖ ಎಷ್ಟು ಹುಳಿಯಾಗಿತ್ತೆಂದರೆ ಆ ಬೀದಿಯವರೆಲ್ಲ ಅವನನ್ನು ಹುಳಿಮೇಸ್ತ್ರಿ ಅಂತಲೇ ಕರೆಯುತ್ತಿದ್ದರು, ಎದುರಿಗೇ.

“ಏನಾಗಬೇಕು?”

“ನಂದೇನಿಲ್ಲ. ನಮ್ಮ ಪಕ್ಕದ ಮನೆಯವರ ಕಾರು. ಬಿಸಿಯಾಗತ್ತಂತೆ. ನಾನು ಈ ಕಡೆ ಬರ್ತಿದ್ದೆ, ಕೇಳ್ಕೊಂಡು ಬನ್ನಿ ಅಂದ್ರು.”

“ಕಾರು ಎಲ್ಲಿ?”

“ಅವರ ಮನೆ ಮುಂದೆ.”

“ಹಾಗಾದ್ರೆ ರೋಗಿ ಮನೇಲಿ ಮಲಗಿದಾನೆ, ನಾಡಿ ನೋಡಿ ಅಂತ ಪಕ್ಕದ ಮನೆಯವನ ಕೈ ಕಳಿಸಿದಾನೆ.” ಮೇಸ್ತ್ರಿ ಪಕ್ಕಕ್ಕೆ ತಿರುಗಿ ಉಗುಳಿದ. “ಗುಳುಗುಳು ಅನ್ನತ್ತಾ?”

“ಅನ್ನತ್ತಂತೆ.”

“ಹೀಟರ್ ಹಾಕಿದ್ರೆ ತಣ್ಣನೆ ಗಾಳಿ ಬರತ್ತಾ, ಇಂಜಿನ್ ಕುದೀತಿದ್ರೂ?”

ಇದನ್ನು ಗ್ಲೌಸಣ್ಣ ನೋಡಿರಲಿಲ್ಲ. “ಬರತ್ತೆ ಅಂದ ಹಾಗಿತ್ತು.”

“ನೀರು ಕಡಿಮೆಯಾದಾಗ ಬಕೆಟ್ ತಂದು ಗಬಗಬ ಸುರಿದಿರ್ತಾನೆ. ಒಳಗೆ ಗಾಳಿ ಸಿಕ್ಕಿಕೊಂಡಿದೆ. ನೀರು ಇಂಜಿನ್ ಸುತ್ತ ಸುತ್ತಬೇಕು, ಬಿಸಿ ಹೊತ್ಕೊಂಡು ರೇಡಿಯೇಟರಿಗೆ ಬರಬೇಕು, ತಣ್ಣಗಾಗಿ ವಾಪಸ್ ಹೋಗಬೇಕು. ಮಧ್ಯೆ ಗಾಳಿ ಕೂತ್ರೆ ನೀರು ಅಲ್ಲೇ ನಿಲ್ಲತ್ತೆ. ಗಾಳಿ ಯಾವಾಗ್ಲೂ ಎತ್ತರದ ಜಾಗ ಹುಡುಕ್ಕೊಂಡು ಕೂರತ್ತೆ. ಆಫೀಸರ ಹಾಗೆ. ತಾನೂ ಕೆಲಸ ಮಾಡಲ್ಲ, ಬೇರೆಯವರಿಗೂ ದಾರಿ ಬಿಡಲ್ಲ.”

ಗ್ಲೌಸಣ್ಣನಿಗೆ ಈ ಮಾತು ಹಿಡಿಸಿತು. ನಗಬೇಕೆಂದುಕೊಂಡ. ಅಷ್ಟರಲ್ಲಿ ಮೇಸ್ತ್ರಿ, “ನಿಮ್ಮ ಪಕ್ಕದ ಮನೆಯವನು ಶುದ್ಧ ಪೆದ್ದ ಇರಬೇಕು” ಎಂದ.

ಮೇಸ್ತ್ರಿ ಮುಂದೆ ವಿಧಾನ ಹೇಳಿದ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಕಾರಿನ ಮೂತಿ ಎತ್ತರದಲ್ಲಿರುವ ಹಾಗೆ ಏರಿನ ಮೇಲೆ ನಿಲ್ಲಿಸಬೇಕು. ಮುಚ್ಚಳ ತೆಗೆದು ನಿಧಾನವಾಗಿ, ಅಂಗಡಿಯಲ್ಲಿ ಸಿಗುವ ಹಸಿರು ಕೂಲಂಟ್ ಹುಯ್ಯಬೇಕು, ನಲ್ಲಿ ನೀರಲ್ಲ. ಇಂಜಿನ್ ಮೇಲೆ, ದಪ್ಪ ಪೈಪು ಸೇರುವ ಕಡೆ, ಒಂದು ಪುಟ್ಟ ಹಿತ್ತಾಳೆ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿದರೆ ಮೊದಲು ಬರೀ ಗಾಳಿ, ಆಮೇಲೆ ನೊರೆ, ಆಮೇಲೆ ಒಂದೇ ಸಮನೆ ನೀರು. ಆಗ ಬಿಗಿ ಮಾಡಬೇಕು. ಆಮೇಲೆ ಮುಚ್ಚಳ ತೆಗೆದಿಟ್ಟೇ ಇಂಜಿನ್ ಶುರು ಮಾಡಿ, ಬಿಸಿಗೆ ಒಳಗಿನ ಬಾಗಿಲು ತೆರೆದು ನೀರು ಕೆಳಗಿಳಿಯುವವರೆಗೆ ಕಾಯಬೇಕು. ಇದರ ನಡುವೆ ಇನ್ನೊಂದು ಮಾತೂ ಹೇಳಿದ. ಆದರೆ ಆ ಹೊತ್ತಿಗೆ ಗ್ಲೌಸಣ್ಣ ‘ಪೆದ್ದ’ ಎಂಬ ಮಾತಿಗೆ ಒಂದು ತಕ್ಕ ಉತ್ತರ ಹೆಣೆಯುತ್ತಿದ್ದ. ಉತ್ತರವೂ ಸಿಗಲಿಲ್ಲ, ಮೇಸ್ತ್ರಿಯ ಆ ಇನ್ನೊಂದು ಮಾತೂ ಕಿವಿಗೆ ಬೀಳಲಿಲ್ಲ.

ಮರುದಿನ ಮನೆಯ ಗೇಟಿನ ಇಳಿಜಾರಿಗೆ ಮೂತಿ ಹತ್ತಿಸಿ, ಹಿಂದಿನ ಚಕ್ರಕ್ಕೆ ಇಟ್ಟಿಗೆ ಕೊಟ್ಟು, ಹೇಳಿದ ಹಾಗೆಲ್ಲ ಮಾಡಿದ. ಹಿತ್ತಾಳೆ ಸ್ಕ್ರೂ ಹುಡುಕಲು ಬಹಳ ಹೊತ್ತು ಹಿಡಿಯಿತು. ಅದಕ್ಕೂ ಮೊದಲು ಬೇರೆ ಎರಡು ಸ್ಕ್ರೂಗಳಿಗೆ ಕೈ ಹಾಕಿ, ಹೆದರಿ, ಮತ್ತೆ ಬಿಗಿದಿದ್ದ. ಕೊನೆಗೂ ನೊರೆ ಬಂತು, ನೀರು ಬಂತು. ಗೆದ್ದೆ ಎಂದು ಮುಚ್ಚಳ ಹಾಕಿ ಓಣಿ ಸುತ್ತಿದ. ಮೊದಲ ತಿರುವು ದಾಟಿದ. ಎರಡನೆಯ ತಿರುವಿನಲ್ಲಿ, ಗುಳುಗುಳು.

ಮತ್ತೆ ಬಸ್ಸು ಹತ್ತಿದ.

“ಏನಂತೆ ನಿಮ್ಮವನು?” ಅಂದ ಮೇಸ್ತ್ರಿ, ಕಣ್ಣೆತ್ತದೆ.

“ಎಲ್ಲಾ ಮಾಡಿದ್ನಂತೆ. ಆದ್ರೂ ಗುಳುಗುಳು ಹೋಗಿಲ್ಲ.”

“ಹೀಟರ್ ತಿರುಗಿಸಿದ್ನಾ, ಪೂರ್ತಿ ಬಿಸಿ ಕಡೆಗೆ?”

“ಹೀಟರಾ?” ಅಂದ ಗ್ಲೌಸಣ್ಣ.

“ನಿನ್ನೆ ಹೇಳಿದ್ನಲ್ಲ? ಹೀಟರಿಗೂ ಇದೇ ನೀರು ಹೋಗೋದು. ಅದರ ಬಾಗಿಲು ಮುಚ್ಚಿಟ್ಟರೆ ಗಾಳಿ ಅದರೊಳಗೆ ಕಾಲು ಚಾಚಿ ಮಲಗಿರತ್ತೆ. ನೀವು ಹೇಳಿಲ್ವಾ ಅವನಿಗೆ?”

“ಹೇಳಿದೆ,” ಅಂದ ಗ್ಲೌಸಣ್ಣ. ಒಂದು ಕ್ಷಣ ಯೋಚಿಸಿ, “ಅವನಿಗೆ ಯಾರ ಮಾತೂ ತಲೆಗೆ ಹೋಗಲ್ಲ” ಎಂದ.

“ಹಾಗಿರ್ತಾರೆ ಕೆಲವರು.”

“ತಾನೇ ಎಲ್ಲ ತಿಳಿದವನು ಅನ್ನೋ ಹಾಗೆ ಆಡ್ತಾನೆ.”

“ಅಂಥವರ ಕಾರೇ ಕೆಡೋದು. ಬೇರೆಯವರದ್ದೂ ಕೆಡತ್ತೆ, ಆದ್ರೆ ಅವರು ಬಂದು ಕೇಳ್ತಾರೆ.”

ಇಲ್ಲಿ ಗ್ಲೌಸಣ್ಣನಿಗೆ ಒಂದು ವಿಚಿತ್ರ ಉತ್ಸಾಹ ಬಂತು. ಬಯ್ಯಲು ಯಾರಾದರೂ ಸಿಕ್ಕರೆ ಬಿಡುವ ಜಾಯಮಾನ ಅವನದಲ್ಲ, ಆ ಯಾರಾದರೂ ಯಾರು ಅನ್ನುವುದು ಆ ಹೊತ್ತಿಗೆ ಮರೆತೇಹೋಯಿತು. ಪಕ್ಕದ ಮನೆಯವನು ಹೇಗೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ, ಹೋಗಿ ಬರುವವರಿಗೆಲ್ಲ ಹೇಗೆ ಹೆಸರಿಡುತ್ತಾನೆ, ಅಳಿಯ ಪಾಪ ಬಾಯಿ ಸತ್ತವನು ಅಂತ ಹೇಗೆ ಅವನ ತಲೆ ತಿನ್ನುತ್ತಾನೆ, ಎಲ್ಲವನ್ನೂ ಬಣ್ಣ ಕಟ್ಟಿ ಹೇಳಿದ. ಮೇಸ್ತ್ರಿಯ ಹುಳಿ ಮುಖ ಸ್ವಲ್ಪ ಸಡಿಲವಾಯಿತು. ಟೀ ತರಿಸಿದ.

“ಅದಿರಲಿ. ನೀರು ಹೋಗಿದ್ದೆಲ್ಲಿಗೆ? ನೀರು ತಾನಾಗೇ ಎದ್ದು ನಡೆದು ಹೋಗಲ್ಲ. ಬೆಳಿಗ್ಗೆ ಕಾರಿನ ಕೆಳಗೆ ಒದ್ದೆ ಇರತ್ತಾ ಕೇಳಿ.”

ಇರುತ್ತಿತ್ತು. ಕಾರು ಮನೆಗೆ ಬಂದ ದಿನದಿಂದ ಮುಂದಿನ ಚಕ್ರದ ಹತ್ತಿರ ಒದ್ದೆ ಇರುತ್ತಿತ್ತು. ಬೀದಿ ನಾಯಿಯ ಕೆಲಸ ಎಂದು ಗ್ಲೌಸಣ್ಣ ಬೆಳಿಗ್ಗೆ ಎದ್ದು ಕೋಲು ಹಿಡಿದು ಕಾದಿದ್ದೂ ಉಂಟು. ಒಂದು ಬಡಪಾಯಿ ನಾಯಿ, ಏನೂ ಮಾಡದೆ, ಎರಡು ಸಲ ಪೆಟ್ಟು ತಿಂದಿತ್ತು.

“ನಾಯಿ ಅಂದ್ಕೊಂಡಿದ್ದಾನೆ,” ಅಂದ ಗ್ಲೌಸಣ್ಣ ಮೆಲ್ಲಗೆ.

ಮೇಸ್ತ್ರಿ ಟೀ ಲೋಟ ಕೆಳಗಿಟ್ಟ. ನಕ್ಕ ಅನ್ನುವಂತಿಲ್ಲ, ಎದೆ ಎರಡು ಸಲ ಕುಲುಕಿತು. “ನಾಯಿ ಕೂಲಂಟ್ ಹುಯ್ಯತ್ತಂತಾ? ಅವನನ್ನ ಒಂದು ಸಲ ಕರ್ಕೊಂಡು ಬನ್ನಿ. ಮುಖ ನೋಡಬೇಕು ನಾನು.”

“ಅವನಿಗೆ ಕಾಲುನೋವು.”

“ಕೆಳಗಿನ ಪೈಪಿನ ಕ್ಲ್ಯಾಂಪು ಸಡಿಲ ಆಗಿರತ್ತೆ. ಮೊದಲು ಅದನ್ನ ಬಿಗಿ ಮಾಡು ಅನ್ನಿ. ಸೋರೋ ಕಡೆಯಿಂದಾನೇ, ಇಂಜಿನ್ ಆರುವಾಗ, ಗಾಳಿನೂ ಒಳಗೆ ಹೋಗೋದು. ಅದು ಬಿಟ್ಟು ಇಡೀ ವರ್ಷ ಗಾಳಿ ತೆಗೀತಾ ಕೂತ್ರೂ ಗಾಳಿ ಮುಗಿಯಲ್ಲ. ಆಮೇಲೆ, ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಾಕಬಾರದು ಅಂತ ಹೇಳಿ. ಇಷ್ಟು ಹೊತ್ತಿಗೆ ಹಾಕಿರ್ತಾನೆ.”

ಟೀ ಲೋಟ ಹಿಡಿಯಲು ಗ್ಲೌಸಣ್ಣ ಬಲಗೈ ಚಾಚಿದ್ದ. ಅಂಗಿಯ ತೋಳು ಮೇಲೆ ಸರಿದಿತ್ತು. ಅಂಗೈಯಿಂದ ಮಣಿಕಟ್ಟಿನವರೆಗೆ ಸುತ್ತಿದ್ದ ಬಟ್ಟೆಯ ಮೇಲೆ ಮುಲಾಮಿನ ಹಳದಿ ಕಲೆ ಬಿದ್ದಿತ್ತು. ಮೇಸ್ತ್ರಿ ಅದನ್ನು ನೋಡಿದ. ಬಹಳ ಹೊತ್ತು ನೋಡಲಿಲ್ಲ, ಒಮ್ಮೆ ನೋಡಿ ಬೀದಿಯ ಕಡೆ ತಿರುಗಿದ.

“ನಿಮ್ಮ ಪಕ್ಕದ ಮನೆಯವನ ಕೈ ಹೇಗಿದೆ ಈಗ?”

ಗ್ಲೌಸಣ್ಣನ ಕಿವಿ ಬಿಸಿಯಾಯಿತು. ಎದ್ದು ಹೋಗಿಬಿಡಬೇಕು ಅನ್ನಿಸಿತು. ಮೂಗಿನಲ್ಲಿ ಆ ಶಬ್ದ ಮಾಡೋಣವೆಂದರೆ ಉಸಿರೇ ಸಾಲದು. ಸಾಹೇಬರಾಗಿದ್ದರೆ ಈ ಹೊತ್ತಿಗೆ ಏನು ಮಾಡುತ್ತಿದ್ದರೋ ಅವನಿಗೆ ಹೊಳೆಯಲಿಲ್ಲ. ಸಾಹೇಬರು ಯಾವತ್ತೂ ಇಂಥ ಸೀಟಿನ ಮೇಲೆ ಕೂತು ಟೀ ಕುಡಿದವರಲ್ಲ.

“ವಾಸಿ ಆಗ್ತಿದೆ,” ಅಂದ.

“ಬೊಬ್ಬೆ ಒಡೀಬಾರದು ಅಂತ ಹೇಳಿ.”

“ಹೇಳ್ತೀನಿ.”

“ಟೀ ಆರತ್ತೆ, ಕುಡೀರಿ.”

ಅಷ್ಟೇ. ಇಬ್ಬರೂ ಆ ವಿಷಯ ಅಲ್ಲಿಗೇ ಬಿಟ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ಗ್ಲೌಸಣ್ಣ ಮೇಸ್ತ್ರಿಯನ್ನು ಮನಸ್ಸಿನಲ್ಲೇ ಬಾಯಿಗೆ ಬಂದ ಹಾಗೆ ಬಯ್ದ. ಸೊಕ್ಕಿನ ಮುದುಕ. ಬೇರೆಯವರ ಕಾರಿನ ಕೆಳಗೆ ಮಲಗಿ ಜೀವ ತೇಯ್ದವನಿಗೆ ಎಷ್ಟು ಕೊಬ್ಬು. ಬಯ್ದು ಮುಗಿದ ಮೇಲೆ, ತನ್ನ ನಿಲ್ದಾಣ ಬರುವುದರೊಳಗೆ, ಬೇರೆ ಯಾರೂ ಸಿಗದೆ ಹೋದ್ದರಿಂದ, ತನ್ನನ್ನೇ ಬಯ್ದುಕೊಂಡ. ಆ ನಾಯಿಯ ನೆನಪಾಗಿ ಮತ್ತೆ ಬಯ್ದುಕೊಂಡ.

ಮರುದಿನ ಬೆಳಿಗ್ಗೆ ಗ್ಲೌಸಣ್ಣ ನೆಲದ ಮೇಲೆ ಹಳೆಯ ಚಾಪೆ ಹಾಸಿ ಕಾರಿನ ಕೆಳಗೆ ತಲೆ ತೂರಿಸಿದ. ಜನ್ಮದಲ್ಲಿ ಮೊದಲ ಸಲ. ಕ್ಲ್ಯಾಂಪು ಸಿಕ್ಕಿತು, ಬೆರಳಲ್ಲೇ ತಿರುಗುವಷ್ಟು ಸಡಿಲವಾಗಿತ್ತು. ಎಡಗೈಯಲ್ಲಿ ಬಿಗಿಯಲು ಒದ್ದಾಡುತ್ತಿದ್ದಾಗ ಮುಖದ ಹತ್ತಿರ ಚಪ್ಪಲಿ ಹಾಕಿದ ಎರಡು ಕಾಲು ಬಂದು ನಿಂತವು.

“ಏನು ಹಿಡೀಬೇಕು ಹೇಳಿ,” ಅಂದಳು ಹೆಂಡತಿ.

“ನಿನಗೆ ಇದೆಲ್ಲ ಗೊತ್ತಾಗಲ್ಲ.”

“ನಿಮಗೆ ಗೊತ್ತಾಗತ್ತಲ್ಲ, ಅದಕ್ಕೇ ಎರಡು ದಿನದಿಂದ ಬಸ್ಸಲ್ಲಿ ಓಡಾಡ್ತಿದೀರಿ. ಟಿಕೆಟ್ಟೆಲ್ಲ ಅಂಗಿ ಜೇಬಲ್ಲೇ ಬಿಟ್ಟಿದೀರಿ, ಒಗೆಯೋಳು ನಾನು. ಏನು ಹಿಡೀಬೇಕು?”

ಲಾಳಿಕೆ ಹಿಡಿಯಬೇಕಾಗಿತ್ತು. ಹಿಡಿದಳು. ಅವನು ಹೀಟರನ್ನು ಪೂರ್ತಿ ಬಿಸಿ ಕಡೆ ತಿರುಗಿಸಿ ಬಂದು, ಕೂಲಂಟನ್ನು ಎಳೆ ಎಳೆಯಾಗಿ ಹುಯ್ದ. ಹಿತ್ತಾಳೆ ಸ್ಕ್ರೂ ಸಡಿಲಿಸಿದ. ಮೊದಲು ಏನೂ ಬರಲಿಲ್ಲ, ಆಮೇಲೆ ಸಣ್ಣಗೆ ಸಿಳ್ಳೆ ಹೊಡೆದ ಹಾಗೆ ಗಾಳಿ, ಆಮೇಲೆ ಹಸಿರು ನೊರೆ. ನೊರೆ ನಿಂತು ದಾರದ ಹಾಗೆ ಒಂದೇ ಸಮ ಹರಿದಾಗ ಬಿಗಿ ಮಾಡಿದ. ಇಂಜಿನ್ ಶುರು ಮಾಡಿ ಇಬ್ಬರೂ ಕಾದರು. ಲಾಳಿಕೆಯೊಳಗೆ ಗುಳ್ಳೆ ಬರುತ್ತಿದ್ದವು. ಮೊದಲು ಒಂದೊಂದೇ, ಆಮೇಲೆ ಗುಂಪು ಗುಂಪಾಗಿ. ಇದ್ದಕ್ಕಿದ್ದ ಹಾಗೆ ನೀರು ಗುಳುಕ್ಕೆಂದು ಕೆಳಗಿಳಿದು, ಒಂದು ದೊಡ್ಡ ತೇಗು ಮೇಲೆ ಬಂತು.

“ಊಟ ಆದ ಹಾಗಿದೆ,” ಅಂದಳು ಹೆಂಡತಿ.

“ಒಳಗಿನ ಬಾಗಿಲು ತೆಗೀತು. ಹಿಡಿ ಸರಿಯಾಗಿ.”

ಇನ್ನಷ್ಟು ಹುಯ್ದ. ಮೇಲಿನ ದಪ್ಪ ಪೈಪನ್ನು ಬಟ್ಟೆ ಹಿಡಿದು ಮೆಲ್ಲಗೆ ಹಿಚುಕಿ ಹಿಚುಕಿ ಬಿಟ್ಟ. ಗುಳ್ಳೆ ಕಡಿಮೆಯಾಗುತ್ತಾ ಬಂದವು. ಒಂದು ಹೊತ್ತಿನಲ್ಲಿ ನೀರಿನ ಮೇಲ್ಮೈ ಅಲ್ಲಾಡದೆ ನಿಂತು, ಅದರಲ್ಲಿ ಇಬ್ಬರ ಮುಖಗಳೂ ವಕ್ರವಾಗಿ ಕಂಡವು. ಅವನು ಒಳಗೆ ಕೂತು ಹೀಟರಿನ ಮುಂದೆ ಕೈ ಹಿಡಿದ. ಒಲೆಯ ಬಾಯಿಂದ ಬಂದ ಹಾಗೆ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಹೊರಗೂ ಉರಿಬಿಸಿಲು. ಬೆವರು ಕಿವಿಯ ಹಿಂದೆ ಇಳಿಯುತ್ತಿದ್ದರೂ ಗ್ಲೌಸಣ್ಣ ಕದಲದೆ ಕೂತಿದ್ದ. ಮುಳ್ಳು ನಡುವೆ ನಿಂತಿತ್ತು, ನಿಂತೇ ಇತ್ತು.

ಅಳಿಯ ಸಂಜೆ ಬಂದು, ಗುಡ್ಡದ ಬುಡದವರೆಗೆ ಓಡಿಸಿ ನೋಡಿ, “ಗ್ಯಾರೇಜಿನವರೂ ಹೀಗೆ ಮಾಡ್ತಿರಲಿಲ್ಲ ಮಾವ” ಅಂದ. ಹಿಂದಿನ ದಿನವಾಗಿದ್ದರೆ ಗ್ಲೌಸಣ್ಣ ಈ ಮಾತನ್ನು ಎತ್ತಿಕೊಂಡು ಓಣಿಯೆಲ್ಲ ಮೆರವಣಿಗೆ ಮಾಡುತ್ತಿದ್ದ.

“ಮಾಡ್ತಾರೆ,” ಅಂದ. “ನೀನು ಕ್ಲಚ್ಚಿನ ಮೇಲಿಂದ ಕಾಲು ತೆಗಿ ಮೊದಲು.”

ಕೆಲಸವೇನೋ ಮುಗಿಯಿತು. ಆದರೆ ಮೂರನೆಯ ದಿನ ಗ್ಲೌಸಣ್ಣ ಮತ್ತೆ ಬಸ್ಸು ಹತ್ತಿದ. ಪಕ್ಕದ ಮನೆಯವನ ಕಾರು ಸರಿಹೋಯಿತು ಎಂದು ತಿಳಿಸಿ ಬರುವುದು ಮರ್ಯಾದೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಮೇಸ್ತ್ರಿ ವರದಿ ಕೇಳಿ ತಲೆ ಆಡಿಸಿದ. ಜೇಬಿನಿಂದ ಒಂದು ಬೀಗದ ಕೈ ತೆಗೆದು ಎಸೆದ.

“ಆ ಬೂದು ಕಾರು. ಬ್ರೇಕ್ ರಿಪೇರಿ ಮಾಡಿದೀನಿ. ಒಂದು ಸುತ್ತು ಓಡಿಸಿ ನೋಡಬೇಕು, ನನ್ನ ಮೊಣಕಾಲಿಗೆ ಕ್ಲಚ್ ಆಗಲ್ಲ. ನಿಮ್ಮ ಪಕ್ಕದ ಮನೆಯವನು ಗಾಡಿ ಓಡಿಸೋದ್ರಲ್ಲಿ ಹೇಗೆ?”

“ಅದೊಂದು ಬರತ್ತೆ ಅವನಿಗೆ,” ಅಂದ ಗ್ಲೌಸಣ್ಣ.

ಅವನು ಬೂದು ಕಾರನ್ನು ಗುಜರಿ ಅಂಗಡಿಗಳ ಸಂದಿಯಿಂದ, ಅಡ್ಡ ನಿಂತ ಕೈಗಾಡಿ, ಕಬ್ಬಿಣದ ರಾಶಿ, ಮಲಗಿದ್ದ ಹಸು, ಎಲ್ಲದರ ನಡುವೆ, ಒಂದೂ ಹಾರ್ನ್ ಹೊಡೆಯದೆ ದೊಡ್ಡ ರಸ್ತೆಗೆ ತಂದ. ಬ್ರೇಕು ಹಾಕಿದಾಗ ಕಾರು ಯಾವಾಗ ನಿಂತಿತು ಎಂದೇ ಪಕ್ಕದಲ್ಲಿ ಕೂತ ಮೇಸ್ತ್ರಿಗೆ ಗೊತ್ತಾಗಲಿಲ್ಲ.

“ಎಡಗಡೆ ಸ್ವಲ್ಪ ಹೆಚ್ಚು ಹಿಡೀತಿದೆ,” ಅಂದ ಗ್ಲೌಸಣ್ಣ.

“ಎಲ್ಲಿ? ಇಲ್ಲ.”

“ಕೂದಲಷ್ಟು. ನಿಮಗೆ ಗೊತ್ತಾಗಲ್ಲ. ನೀವು ಕೆಳಗಿಂದ ನೋಡೋರು.”

ವಾಪಸು ಬಂದು ಚಕ್ರ ಬಿಚ್ಚಿ ನೋಡಿದರೆ, ಕೂದಲಷ್ಟು ಹೆಚ್ಚು ಹಿಡಿಯುತ್ತಿದ್ದದ್ದು ನಿಜ. ಮೇಸ್ತ್ರಿಯ ಮುಖ ಎಂದಿಗಿಂತ ಹುಳಿಯಾಯಿತು.

ಅಲ್ಲಿಂದ ಮುಂದೆ ಗ್ಲೌಸಣ್ಣನ ಮಧ್ಯಾಹ್ನಗಳು ಆ ತಗಡಿನ ಕೆಳಗೆ ಕಳೆದವು. ರಿಪೇರಿಯಾದ ಕಾರುಗಳನ್ನು ಓಡಿಸಿ ನೋಡಿ ಹೇಳುವುದು ಅವನ ಕೆಲಸ. ಸಂಬಳವೂ ಇಲ್ಲ, ಹೆಸರೂ ಇಲ್ಲ, ಟೀ ಮಾತ್ರ. ಕೆಲಸವಿಲ್ಲದಾಗ ಇಬ್ಬರೂ ಒಂದೇ ಸೀಟಿನ ಮೇಲೆ ಒತ್ತರಿಸಿ ಕೂತು ಬೀದಿ ನೋಡುತ್ತಿದ್ದರು. ಮೇಸ್ತ್ರಿ ಹೋಗುವ ಕಾರುಗಳ ಸದ್ದು ಕೇಳಿ ಅವುಗಳ ಹೊಟ್ಟೆಯ ರೋಗ ಹೇಳುತ್ತಿದ್ದ, ಗ್ಲೌಸಣ್ಣ ಓಡಿಸುವವರ ಕೈ ನೋಡಿ ಅವರ ಕುಲಗೋತ್ರ ಜಾಲಾಡುತ್ತಿದ್ದ. ಇಬ್ಬರ ಬಾಯಿಂದ ಪಾರಾಗಿ ಆ ಬೀದಿ ದಾಟಿದ ಗಾಡಿ ಬಹುಶಃ ಒಂದೂ ಇಲ್ಲ. ಯಾರಾದರೂ ಬಾನೆಟ್ಟಿನಿಂದ ಆವಿ ಬಿಡುತ್ತಾ ಬಂದು, ನೀರು ಹುಯ್ದಿದ್ದೀನಿ ಆದರೂ ಬಿಸಿಯಾಗುತ್ತಿದೆ ಅಂದರೆ, ಗ್ಲೌಸಣ್ಣನೇ ಮೊದಲು ಎದ್ದು, “ನಲ್ಲಿ ನೀರು ಹುಯ್ದ್ರಾ, ಗಬಗಬ ಅಂತ?” ಎಂದು ಶುರು ಮಾಡುತ್ತಿದ್ದ. ಆ ಹೊತ್ತಿಗೆ ಮೇಸ್ತ್ರಿ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ.

ಮನೆಯಲ್ಲಿ ಹೆಂಡತಿಗೆ ಸಾಬೂನು ಬೇಗ ಬೇಗ ಮುಗಿಯುತ್ತಿತ್ತು. ಗಂಡನ ಉಗುರಿನ ಕಪ್ಪನ್ನು ಅವಳು ಗಮನಿಸಿದ್ದಳು. ಮಿಕ್ಸಿ ಮತ್ತೆ ಕೆಟ್ಟ ದಿನ ಅದನ್ನು ಸೀದಾ ಅವನ ಮುಂದೆ ತಂದಿಟ್ಟಳು. ಅವನು ಎಲ್ಲಿಗೂ ಎದ್ದು ಹೋಗಲಿಲ್ಲ. ಬಿಚ್ಚಿದ, ನೋಡಿದ, ಅರ್ಥವಾಗಲಿಲ್ಲ. “ನನಗೆ ಗೊತ್ತಾಗ್ತಿಲ್ಲ ಕಣೇ” ಅಂದ. ಅವಳು ಅದನ್ನು ರಿಪೇರಿಗೆ ಕೊಟ್ಟು ಬಂದಳು.

ಒಮ್ಮೆ, ಮಳೆ ನಿಂತ ಮಧ್ಯಾಹ್ನ, ಇಬ್ಬರೂ ಒಂದು ವ್ಯಾನನ್ನು ಓಡಿಸಿ ನೋಡಲು ದೂರ ಹೋಗಿದ್ದರು. ರಸ್ತೆಯಲ್ಲಿ ಗುಂಡಿ, ಗುಂಡಿಯಲ್ಲಿ ನೀರು. ಗ್ಲೌಸಣ್ಣ ಒಂದನ್ನೂ ತುಳಿಯದೆ, ಒಂದು ಸಲವೂ ಮೇಸ್ತ್ರಿಯ ಮೊಣಕಾಲು ಅಲುಗದ ಹಾಗೆ ಓಡಿಸಿಕೊಂಡು ಬಂದ. ಗ್ಯಾರೇಜಿನ ಮುಂದೆ ಇಳಿಯುವಾಗ ಮೇಸ್ತ್ರಿ ಬಾಗಿಲು ಹಿಡಿದುಕೊಂಡು ಸ್ವಲ್ಪ ನಿಂತ.

“ಪರವಾಗಿಲ್ಲ, ಓಡಿಸ್ತೀರಿ,” ಅಂದ.

ಗ್ಲೌಸಣ್ಣನಿಗೆ ಸಾಹೇಬರು ಅಷ್ಟು ವರ್ಷದಲ್ಲಿ ಒಂದು ಸಲವೂ ಇಷ್ಟು ಹೇಳಿರಲಿಲ್ಲ. ಬೀಗದ ಕೈ ತೆಗೆದು ಮೇಸ್ತ್ರಿಯ ಅಂಗೈಯಲ್ಲಿಟ್ಟು, “ನೀವೂ ಪರವಾಗಿಲ್ಲ, ಸುಮಾರಾಗಿ ರಿಪೇರಿ ಮಾಡ್ತೀರಿ” ಅಂದ. ಮೇಸ್ತ್ರಿ ಪಕ್ಕಕ್ಕೆ ತಿರುಗಿ ಉಗುಳಿ, ಟೀ ತರಲು ಯಾರನ್ನೋ ಕೂಗಿದ.